ಪದ ಪರಿಚಯ: ಸ್ಲ್ಯಾಪ್

ಹುಬ್ಬಳ್ಳಿಯ ಸೆಟ್ಲ್‌ಮೆಂಟ್‌ನಲ್ಲೋ ಗದಗ-ಬೆಟಗೇರಿಯಲ್ಲೋ ಹಾಕಿ ನೋಡಲು ನಿಂತರೆ, ಗೆರೆಯಾಚೆಯಿಂದ ‘ಹೊಡೀಲೇ ತಮ್ಮಾ!’ ಎಂದು ಯಾರಾದರೂ ಕೂಗೇ ಕೂಗುತ್ತಾರೆ. ಹೇಗೆ ಹೊಡೆಯಬೇಕೆಂದು ಮಾತ್ರ ಹೇಳುವುದಿಲ್ಲ. ಪುಶ್, ಹಿಟ್, ಸ್ಲ್ಯಾಪ್ ಮೂರೂ ಚೆಂಡನ್ನು ಮುಂದಕ್ಕೆ ಕಳಿಸುತ್ತವೆ. ಗೊಂದಲವೆಲ್ಲ ಮೂರನೆಯದರದ್ದು.

ಪುಶ್‌ನಲ್ಲಿ ಸ್ಟಿಕ್ಕಿನ ತಲೆ ಮೊದಲೇ ಚೆಂಡಿನ ಪಕ್ಕ ನೆಲಕ್ಕೆ ತಾಗಿರುತ್ತದೆ. ಎಡಗೈ ಮೇಲ್ತುದಿಯಲ್ಲಿ, ಬಲಗೈ ನಡುವಿನಲ್ಲಿ, ಸದ್ದಿಲ್ಲದೆ ನೂಕಿದರಾಯಿತು. ಹಿಟ್‌ಗೆ ಎರಡೂ ಕೈ ಮೇಲೆ ಒಟ್ಟಿಗೆ ಸೇರುತ್ತವೆ, ಸ್ಟಿಕ್ ಎತ್ತಿ ಬೀಸಬೇಕು. ವೇಗ ಭಾರಿ, ಆದರೆ ಎತ್ತುತ್ತಲೇ ಎದುರಾಳಿಗೆ ಸುಳಿವು ಸಿಕ್ಕಿರುತ್ತದೆ.

ಸ್ಲ್ಯಾಪ್‌ನಲ್ಲಿ ಕೈಗಳ ನಡುವೆ ಅಂತರ ಇರುತ್ತದೆ, ಮೊಣಕಾಲು ಬಗ್ಗಿರುತ್ತದೆ. ಹಿಂದಕ್ಕೆ ಹೋದ ಸ್ಟಿಕ್ ಮೇಲೇಳದೆ, ಅಂಗಳ ಗುಡಿಸುವ ಕಸಬರಿಗೆಯ ಹಾಗೆ ನೆಲ ಸವರುತ್ತಲೇ ಬಂದು ಚೆಂಡಿಗೆ ಬಡಿಯುತ್ತದೆ. ಹಿಡಿತ ನೋಡಿದರೆ ಪುಶ್ ಅನ್ನಿಸಬೇಕು, ಚೆಂಡು ಹೋಗುವುದು ಹಿಟ್‌ನ ಹತ್ತಿರದ ವೇಗದಲ್ಲಿ. ರಕ್ಷಣೆಯ ಹಿಂಸಾಲಿನಲ್ಲಿ ಆಡುವ ಫುಲ್‌ಬ್ಯಾಕ್‌ಗಳಿಗೆ ಇದರ ಮೇಲೆ ಪ್ರೀತಿ ಬಂದದ್ದು ಈ ಮೋಸಕ್ಕೇ. ಇನ್ನೂ ಕೆಳಗೆ ಕೂತು, ಸ್ಟಿಕ್ಕನ್ನು ಹೆಚ್ಚುಕಡಿಮೆ ನೆಲಕ್ಕೇ ಮಲಗಿಸಿ ಬೀಸಿದರೆ ಅದು ಸ್ವೀಪ್; ನೋಡುವವರು ಅದನ್ನೂ ಸ್ಲ್ಯಾಪ್ ಅಂದುಬಿಡುತ್ತಾರೆ.

ಸ್ಲ್ಯಾಪ್‌ಗೆ ನೆಲ ನುಣುಪಾಗಿರಬೇಕು. ಗರಸು ಮಣ್ಣಿನ ಮೈದಾನದಲ್ಲಿ ಸ್ಟಿಕ್ ಸಿಕ್ಕಿಕೊಳ್ಳುತ್ತದೆ, ಬೆರಳ ಗೆಣ್ಣು ತರಚುತ್ತದೆ, ಚೆಂಡು ಪುಟಿದು ತಪ್ಪುತ್ತದೆ. ಅಂಥಲ್ಲಿ ಎತ್ತಿ ಹೊಡೆಯುವ ಹಿಟ್ಟೇ ವಾಸಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಕೃತಕ ಹಾಸಿನ ಆಟ ಬಂದ ಮೇಲೆ ಸ್ಲ್ಯಾಪ್, ಸ್ವೀಪ್‌ಗಳಿಗೆ ಬೆಲೆ ಬಂತು. ಮಣ್ಣಿನಲ್ಲಿ ಆಡಿ ಬೆಳೆದ ನಮ್ಮ ಹುಡುಗರು ಟರ್ಫ್‌ಗೆ ಹೋದಾಗ ಮೊದಲು ಇವನ್ನೇ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಪುಶ್, ಹಿಟ್‌ಗಳ ನಡುವಿನ ಈ ಸ್ಥಾನ ನಿಯಮಕ್ಕೆ ಒಪ್ಪಿಗೆಯಿಲ್ಲ. ಎಷ್ಟೇ ತಗ್ಗಿನಲ್ಲಿ ಬೀಸಿದರೂ ಸ್ಲ್ಯಾಪ್ ಎಂದರೆ ಹಿಟ್ಟೇ. ಇದರ ಬಿಸಿ ತಟ್ಟುವುದು, ಗೋಲಿನ ಬಳಿ ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ. ಅಲ್ಲಿ ಗೋಲಿನತ್ತ ಮೊದಲ ಹೊಡೆತ ಹಿಟ್ ಆಗಿದ್ದರೆ, ಚೆಂಡು ಗೋಲುಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ, ಅಂದರೆ ಗೋಲಿನ ಹಿಂಬದಿಯ ಹಲಗೆಗಿಂತ ಮೇಲಿರುವಂತಿಲ್ಲ. ನೂಕುತ್ತಲೇ ಚೆಂಡನ್ನು ನೆಲದಿಂದ ಎಬ್ಬಿಸುವ ಫ್ಲಿಕ್‌ಗೆ ಈ ಮಿತಿಯಿಲ್ಲ. ಕೊಡಗಿನ ವಿ.ಆರ್. ರಘುನಾಥ್ ಅವರಂಥ ಡ್ರ್ಯಾಗ್‌ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ತಂದು ಮಾಡುವ ಫ್ಲಿಕ್) ಪರಿಣತರಿಗೆ ತಂಡಗಳಲ್ಲಿ ಅಷ್ಟು ಬೇಡಿಕೆ ಇದ್ದದ್ದು ಸುಮ್ಮನೆ ಅಲ್ಲ. ಇನ್ನು ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಆಡುವ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಪುಶ್, ಫ್ಲಿಕ್, ಚೆಂಡಿನಡಿಗೆ ಸ್ಟಿಕ್ ಇಟ್ಟು ಎತ್ತುವ ಸ್ಕೂಪ್ ಮಾತ್ರ ನಡೆಯುತ್ತವೆ. ಸ್ಲ್ಯಾಪ್ ಮಾಡಿದರೆ ಚೆಂಡು ಬಲೆಗೆ ಬಿದ್ದರೂ ಗೋಲಿಲ್ಲ.