ಪ್ರವಾಸೋದ್ಯಮಕ್ಕೆ ಪ್ರತ್ಯೇಕ ಪ್ರಾಧಿಕಾರ ಬಂದರೆ ಅದಕ್ಕೆ ದುಡ್ಡು ಎಲ್ಲಿಂದ?

ಓದುಗರ ಪ್ರಶ್ನೆ: ಇಲಾಖೆ ಇದೆ, ನಿಗಮ ಇದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯೂ ಇದೆ. ಹೀಗಿರುವಾಗ ಚಿಕ್ಕಮಗಳೂರಿಗೆ ಪ್ರತ್ಯೇಕ ಪ್ರವಾಸೋದ್ಯಮ ಪ್ರಾಧಿಕಾರ ಯಾಕೆ ಬೇಕು? ಮಾಡಿದರೆ ಅದರ ಖರ್ಚು ಯಾರ ತಲೆಗೆ?

ಉತ್ತರ: ಪ್ರಾಧಿಕಾರ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದಕ್ಕೆ ಸ್ವಂತ ಆದಾಯವನ್ನು ಕಾನೂನಿನಲ್ಲೇ ಬರೆದುಕೊಡದೆ ಬರೀ ಕಚೇರಿ ತೆರೆಯುವುದಾದರೆ ಬೇಡವೇ ಬೇಡ.

ನಿಗಮ ಇದೆಯಲ್ಲ ಎಂದು ಕೇಳಿದ್ದೀರಿ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಮಯೂರ ಹೋಟೆಲುಗಳನ್ನು ನಡೆಸುವುದು, ಟೂರ್ ಬಸ್ ಓಡಿಸುವುದು ಅದರ ಕೆಲಸ. 1980ರಲ್ಲಿ ಬಂದ ಜಂಗಲ್ ಲಾಡ್ಜಸ್ ಕೂಡ ಕಂಪನಿಯೇ; ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ದಂಡೆಯ ರಿವರ್ ಟರ್ನ್ ಲಾಡ್ಜ್ ಅದರದ್ದು. ಇಬ್ಬರೂ ರೂಮು ಕೊಟ್ಟು, ಊಟ ಹಾಕಿ, ಬಂದ ಹಣದಲ್ಲಿ ನಡೆಯಬೇಕಾದವರು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಇರುವ ನಮ್ಮ ಗಿರಿ ಸಾಲಿಗೆ ದಿನಕ್ಕೆ ಎಷ್ಟು ಗಾಡಿ ಹತ್ತಬೇಕು, ಎಲ್ಲಿ ಕಟ್ಟಡ ಏಳಬಾರದು ಎಂದು ನಿರ್ಧರಿಸುವ ಅಧಿಕಾರ ಅವರಿಗಿಲ್ಲ. ಹೆಚ್ಚು ಜನ ಬಂದಷ್ಟೂ ಲಾಭ ನೋಡುವ ಸಂಸ್ಥೆಗೆ ಆ ಅಧಿಕಾರ ಕೊಡುವುದು ಸರಿಯೂ ಅಲ್ಲ.

ಇಲಾಖೆಯ ಕಷ್ಟ ಬೇರೆ. ಶನಿವಾರ ಬೆಳಿಗ್ಗೆ ಗಿರಿ ಹತ್ತುವ ದಾರಿಯ ಕೈಮರದ ಚೆಕ್‌ಪೋಸ್ಟ್ ಹತ್ತಿರ ನಿಂತು ನೋಡಿ. ಬೆಂಗಳೂರು ನೋಂದಣಿಯ ಕಾರು, ಟಿಟಿಗಳ ಸಾಲು. ಆ ರಸ್ತೆ ಲೋಕೋಪಯೋಗಿ ಇಲಾಖೆಯದು. ಪಕ್ಕದ ಶೋಲಾ ಕಾಡು ಅರಣ್ಯ ಇಲಾಖೆಯದು, ಅದರಾಚೆಗೆ ಕಂದಾಯ ಭೂಮಿ, ಅದರಾಚೆಗೆ ಕಾಫಿ ತೋಟ. ಸಂಚಾರ ಪೊಲೀಸರ ಪಾಲು, ಬಾಡಿಗೆ ಜೀಪು ಆರ್‌ಟಿಒ ಪಾಲು, ಬಾಬಾಬುಡನ್‌ಗಿರಿಯ ಪೀಠ ಮುಜರಾಯಿಯ ಪಾಲು. ಸಂಜೆ ತಿರುವುಗಳಲ್ಲಿ ಉಳಿಯುವ ಚಿಪ್ಸ್ ಪೊಟ್ಟಣ, ಒಡೆದ ಬಾಟಲಿ ಮಾತ್ರ ಗ್ರಾಮ ಪಂಚಾಯಿತಿಯ ಪಾಲು. ಪ್ರವಾಸಿಗರ ಹೆಸರಿನಲ್ಲಿ ಒಂದು ಇಲಾಖೆ ಇದೆ, ಆದರೆ ಅವರು ಕಾಲಿಡುವ ನೆಲದಲ್ಲಿ ಅದರ ಮಾತು ನಡೆಯುವುದು ಕಡಿಮೆ.

2025ರ ಸೆಪ್ಟೆಂಬರ್‌ನಿಂದ ಗಿರಿ ಹತ್ತುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿ, ಸಂಖ್ಯೆಗೆ ಮಿತಿ ಹಾಕಿತು. ತುಂಬಾ ಒಳ್ಳೆಯ ಹೆಜ್ಜೆ. ಆದರೆ ಅದು ಆಡಳಿತದ ಆದೇಶ. ಅಧಿಕಾರಿ ವರ್ಗವಾದರೆ, ಮೇಲಿನಿಂದ ಒತ್ತಡ ಬಂದರೆ ಸಡಿಲವಾಗಬಹುದು. ಶಾಸನದ ಬಲವಿರುವ ಸಂಸ್ಥೆ ಬೇಕು ಎನ್ನುವುದು ಇದಕ್ಕೇ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಮಾದರಿ ಇದೆ. ಸೇತುವೆ ಕಾಮಗಾರಿಯಂಥ ಕಾರಣಗಳಿಂದ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿತು. ಆಮೇಲೆ ಸರ್ಕಾರ 2002ರ ಕಾಯ್ದೆ ತಂದು ಹಂಪಿಗೆ ನಿರ್ವಹಣಾ ಪ್ರಾಧಿಕಾರ ರಚಿಸಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಅದು ಪರಂಪರೆ ಉಳಿಸಲು ಆದ ಪ್ರಾಧಿಕಾರ, ಪ್ರವಾಸೋದ್ಯಮದ್ದಲ್ಲ. ಆದರೂ ಒಂದು ಪ್ರದೇಶದ ಭೂಬಳಕೆಗೆ ಒಂದೇ ಕಡೆ ಉತ್ತರ ಸಿಗುವ ವ್ಯವಸ್ಥೆ ಸಾಧ್ಯ ಎಂದು ತೋರಿಸಿದೆ. 2011ರಲ್ಲಿ ಹಂಪಿ ಬಜಾರಿನ ಕುಟುಂಬಗಳನ್ನು ಎಬ್ಬಿಸಿದ್ದನ್ನೂ ಮರೆಯಬಾರದು. ಸ್ಥಳೀಯರಿಗೆ ಕುರ್ಚಿಯಿಲ್ಲದ ಸಭೆಗೆ ಇಷ್ಟು ಅಧಿಕಾರ ಕೊಟ್ಟರೆ ಗಿರಿಯ ದಾರಿಯ ಊರಾದ ಅತ್ತಿಗುಂಡಿಯ ಚಿಕ್ಕ ಅಂಗಡಿಯವರಿಗೂ ಅದೇ ಗತಿ ಬರಬಹುದು.

ಇನ್ನು ದುಡ್ಡಿನ ಮಾತು. ಹೋಟೆಲ್ ರೂಮುಗಳ ಮೇಲೆ ತೆರಿಗೆ ಹಾಕಿ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಸಲಹೆ. ಹಿಂದೆ ರಾಜ್ಯಕ್ಕೆ ತನ್ನದೇ ಐಷಾರಾಮಿ ತೆರಿಗೆ ಇತ್ತು, 1979ರ ಕಾಯ್ದೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದು ಅದರೊಳಗೆ ಸೇರಿಹೋಯಿತು. ಈಗ ರೂಮಿನ ಮೇಲೆ ರಾಜ್ಯ ತಾನಾಗಿ ಹೊಸ ತೆರಿಗೆ ಹಾಕುವಂತಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ನಾಲ್ಕು ಸಾವಿರದ ರೂಮಿಗೆ 200 ರೂಪಾಯಿ; ಅದರಲ್ಲಿ 100 ಕೇಂದ್ರಕ್ಕೆ, 100 ರಾಜ್ಯಕ್ಕೆ. ಆ ನೂರು ನೇರ ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಆದಾಯವೆಲ್ಲ ಸೇರುವ ಖಜಾನೆಗೆ ಹೋಗುತ್ತದೆ. ಅಲ್ಲಿಂದ ಗಿರಿಗೆ ವಾಪಸ್ ಬರಬೇಕಾದರೆ ಬಜೆಟ್‌ನಲ್ಲಿ ಜಾಗ ಸಿಗಬೇಕು. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಹೋಂಸ್ಟೇಯವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂದಿಲ್ಲ, ಅದೂ ನ್ಯಾಯವೇ.

ದೇವಸ್ಥಾನಗಳ ಹುಂಡಿಯಿಂದ ತೆಗೆಯಲಿ ಎನ್ನುವವರೂ ಇದ್ದಾರೆ. ಅದು ಆಗದ ಮಾತು. 1997ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ಆ ಹಣ ಧಾರ್ಮಿಕ, ಧರ್ಮಾರ್ಥ ಉದ್ದೇಶಗಳಿಗೇ ಬಳಕೆಯಾಗಬೇಕು. ಪುರಾತತ್ವ ಸರ್ವೇಕ್ಷಣಾ ಇಲಾಖೆ ಟಿಕೆಟ್ ಹಾಕುವ ಸ್ಮಾರಕಗಳ ದುಡ್ಡು ಕೇಂದ್ರಕ್ಕೆ ಸೇರುತ್ತದೆ.

ಉಳಿಯುವ ಗಟ್ಟಿ ದಾರಿ ಶುಲ್ಕ. ತೆರಿಗೆ ಕಟ್ಟಿದವರು ಇಂಥದ್ದೇ ಸೇವೆ ಕೊಡಿ ಎಂದು ಕೇಳಲಾಗದು, ಶುಲ್ಕ ಕಟ್ಟಿದವರು ಕೇಳಬಹುದು. ಕಾಯ್ದೆಯಿಂದ ಹುಟ್ಟಿದ ಪ್ರಾಧಿಕಾರಕ್ಕೆ ತನ್ನದೇ ನಿಧಿ ಇಟ್ಟುಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಡಬಹುದು. ವಾಹನ ಪ್ರವೇಶ, ಪಾರ್ಕಿಂಗ್, ಚಾರಣದ ಅನುಮತಿ ಇವುಗಳ ಹಣ ಅಲ್ಲಿಗೇ ಬಂದು, ಗಿರಿಯ ಶೌಚಾಲಯಕ್ಕೆ, ಕಸದ ಗಾಡಿಯ ಡೀಸೆಲ್‌ಗೆ, ಗೈಡುಗಳ ತರಬೇತಿಗೆ ಅಲ್ಲಿಂದಲೇ ಹೋಗಬೇಕು. ಕಸ ಎತ್ತುವ ಪಂಚಾಯಿತಿಗೆ ಇಂತಿಷ್ಟು ಪಾಲು ಎಂದು ಕಾಯ್ದೆಯಲ್ಲೇ ಇರಬೇಕು. ಅದು ಅವರಿಗೆ ಸಲ್ಲಬೇಕಾದ ಹಕ್ಕು. ಕಚೇರಿಯ ಸಂಬಳ, ಮೊದಲ ಕೆಲವು ವರ್ಷಗಳ ಖರ್ಚನ್ನು ರಾಜ್ಯದ ಬಜೆಟ್ ಹೊರಬೇಕಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದಾಗಲೂ ಅಷ್ಟೇ. ಬರೀ ಶುಲ್ಕವನ್ನೇ ನಂಬಿದ ಸಂಸ್ಥೆಗೂ ಜನ ಹೆಚ್ಚಲಿ ಎಂಬ ಆಸೆ ಹುಟ್ಟುವ ಅಪಾಯ ಇದ್ದೇ ಇದೆ. ಆದ್ದರಿಂದ ವಾಹನಗಳ ಮಿತಿಯನ್ನು ಅದರ ಇಷ್ಟಕ್ಕೆ ಬಿಡದೆ ಕಾಯ್ದೆಯಡಿಯ ನಿಯಮದಲ್ಲಿ ಕಟ್ಟಿಹಾಕಬೇಕು.

ಅಮೆರಿಕದ ಹವಾಯಿ ರಾಜ್ಯ 1998ರಲ್ಲಿ ಇಂಥದ್ದೇ ಪ್ರಾಧಿಕಾರ ಮಾಡಿ, ವಸತಿ ತೆರಿಗೆಯಲ್ಲಿ ಅದಕ್ಕೆ ಖಾಯಂ ಪಾಲು ಕೊಟ್ಟಿತ್ತು. 2021ರಲ್ಲಿ ಅಲ್ಲಿನ ಶಾಸನಸಭೆ ಆ ಪಾಲನ್ನು ತೆಗೆದುಹಾಕಿತು. ಆಮೇಲೆ ಹಣಕ್ಕಾಗಿ ಆ ಪ್ರಾಧಿಕಾರ ಶಾಸನಸಭೆಯ ಮುಂದೆಯೇ ನಿಲ್ಲಬೇಕಾಯಿತು. ಕಾಯ್ದೆ ಕೊಟ್ಟದ್ದನ್ನು ಕಾಯ್ದೆಯೇ ಕಿತ್ತುಕೊಳ್ಳಬಹುದು, ನಿಜ. ಆದರೆ ಕಿತ್ತುಕೊಳ್ಳಲು ಸದನದಲ್ಲಿ ಎಲ್ಲರೆದುರು ಮಸೂದೆ ತರಲೇಬೇಕು. ಸುತ್ತೋಲೆಯಲ್ಲಿ ಕೊಟ್ಟದ್ದಾದರೆ ಇನ್ನೊಂದು ಸುತ್ತೋಲೆ ಸಾಕು.

ನಮ್ಮ ಜಿಲ್ಲೆಗೆ ಇಂಥ ಮಸೂದೆಯ ಕರಡು ಬಂದರೆ ಮುನ್ನುಡಿ ಬಿಟ್ಟು ಮೊದಲು ನಿಧಿಯ ಅಧ್ಯಾಯ ತೆರೆಯಿರಿ. ಶುಲ್ಕ ಯಾವ ಖಾತೆಗೆ ಬೀಳುತ್ತದೆ, ಪಂಚಾಯಿತಿಗೆ ಎಷ್ಟು, ಲೆಕ್ಕಪರಿಶೋಧನೆಯ ವರದಿ ಯಾರ ಮುಂದೆ ಬರುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ, ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿಯುವ ಮುಂಚೆ ಬರೆದು ಕೊಡಿ. ಗ್ರಾಮಸಭೆಯಲ್ಲೂ ನಿರ್ಣಯ ಮಾಡಿಸಿ ಕಳಿಸಿ.