ಹುಟ್ಟಿದನೋ, ಹುಟ್ಟಿದಳೋ: ಲೆಸ್ಲಿ ಫೈನ್‌ಬರ್ಗ್ ಓದುವ ಮುನ್ನ

ಅಮೆರಿಕದ ಟ್ರಾನ್ಸ್‌ಜೆಂಡರ್ (ಹುಟ್ಟಿದಾಗ ಹಚ್ಚಿದ ಗಂಡು-ಹೆಣ್ಣು ಗುರುತಿಗೆ ಒಗ್ಗದ) ಸಾಹಿತಿ ಲೆಸ್ಲಿ ಫೈನ್‌ಬರ್ಗ್ ಬಗ್ಗೆ ಟಿಪ್ಪಣಿ ಮಾಡಲು ಕೂತರೆ ಮೊದಲ ವಾಕ್ಯಕ್ಕೇ ತೊಡಕು. 1949ರಲ್ಲಿ ಹುಟ್ಟಿದನು ಅನ್ನಬೇಕೋ, ಹುಟ್ಟಿದಳು ಅನ್ನಬೇಕೋ? ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೇ ಲಿಂಗ ಅಂಟಿಕೊಂಡಿರುತ್ತದೆ. ಪುಣ್ಯಕ್ಕೆ ನಮ್ಮಲ್ಲಿ ‘ಅವರು’ ಇದೆ. ಮರ್ಯಾದೆಗೆಂದು ಇರುವ ಈ ಪದ ಇಲ್ಲಿ ಇನ್ನೊಂದು ಕೆಲಸಕ್ಕೂ ಬಂತು.

ಇಂಗ್ಲಿಷಿನಲ್ಲಿ ಇಷ್ಟು ಸಲೀಸಾಗಿರಲಿಲ್ಲ. ಫೈನ್‌ಬರ್ಗ್‌ಗೆ ‘ಝೀ’, ‘ಹಿರ್’ ಎಂಬ ಹೊಸ ಸರ್ವನಾಮಗಳು ಇಷ್ಟವಾಗಿದ್ದವು. ಕೇಳಿದವರು ಗಂಡು ಅಥವಾ ಹೆಣ್ಣು ಎಂದು ತಕ್ಷಣ ತೀರ್ಮಾನಿಸಲು ಆಗುವುದಿಲ್ಲವಲ್ಲ, ಅದಕ್ಕೆ. ‘ಶೀ’ ಎಂದರೂ ಒಪ್ಪುತ್ತಿದ್ದರು. ಟ್ರಾನ್ಸ್ ಜನರೇ ಸೇರಿದ್ದ ಕಡೆ ‘ಹೀ’ ಎಂದರೆ ಅದನ್ನು ಗೌರವವೆಂದೇ ತೆಗೆದುಕೊಳ್ಳುತ್ತಿದ್ದರು. ಹೊರಗಿನವರ ನಡುವೆ ಮಾತ್ರ ‘ಹೀ’ ಬೇಡ. ಗಂಡಿನ ಉಡುಪು, ಗಂಡಿನ ಸರ್ವನಾಮ, ಲೆಕ್ಕ ಸರಿಹೋಯಿತು ಎಂದು ಜನ ನೆಮ್ಮದಿಯಾಗಿಬಿಡುತ್ತಾರೆ. ಆ ನೆಮ್ಮದಿಯನ್ನು ಕೆಡಿಸುವುದೇ ಅವರ ಉದ್ದೇಶ. ಪದಕ್ಕಿಂತ ಅದನ್ನು ಆಡುವವರ ಮನಸ್ಸು ಮುಖ್ಯ ಎಂದೂ ಹೇಳುತ್ತಿದ್ದರು. ಸರಿಯಾದ ಸರ್ವನಾಮ ಬಳಸಿಯೂ ಅವಮಾನ ಮಾಡಬಹುದು, ಅಲ್ವಾ?

ಇಲ್ಲೊಂದು ಎಚ್ಚರಿಕೆ. ಇಂದಿನ ಪಟ್ಟಿಗಳಲ್ಲಿ ಅವರನ್ನು ನಾನ್‌ಬೈನರಿ (ಗಂಡು, ಹೆಣ್ಣು ಎಂಬ ಎರಡೇ ಗುರುತಿಗೆ ಸೀಮಿತರಾಗದ) ಲೇಖಕರು ಎಂದು ಸೇರಿಸುತ್ತಾರೆ. ತಪ್ಪೇನಲ್ಲ. ಆದರೆ ಅವರು ಬರೆಯಲು ಶುರುಮಾಡಿದಾಗ ಆ ಪದ ಇಷ್ಟು ಬಳಕೆಯಲ್ಲಿರಲಿಲ್ಲ. ಟ್ರಾನ್ಸ್‌ಜೆಂಡರ್, ಲೆಸ್ಬಿಯನ್, ಹೆಣ್ಣು, ಕಾರ್ಮಿಕ ವರ್ಗದ ಯಹೂದಿ, ಕ್ರಾಂತಿಕಾರಿ ಕಮ್ಯುನಿಸ್ಟ್: ತಮ್ಮ ಪರಿಚಯಕ್ಕೆ ಅವರು ಇವನ್ನೆಲ್ಲ ಒಟ್ಟಿಗೇ ಹೇಳುತ್ತಿದ್ದರು. ಕೊನೆಯ ಎರಡನ್ನು ಬಿಟ್ಟು ಓದುವವರೇ ಜಾಸ್ತಿ. ನನ್ನ ತಕರಾರು ಇರುವುದು ಅಲ್ಲೇ.

ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ಸಿಟಿ, ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಬಫಲೋ. ಹದಿನಾಲ್ಕಕ್ಕೇ ಕೆಲಸಕ್ಕೆ ಸೇರಿದರು, ಅಂಗಡಿಯೊಂದರ ಬೋರ್ಡು ತಯಾರಿಸುವ ವಿಭಾಗದಲ್ಲಿ. ಆಮೇಲೆ ಪೈಪ್ ಫ್ಯಾಕ್ಟರಿ, ಬುಕ್ ಬೈಂಡಿಂಗ್, ಹಡಗಿನ ಸರಕುಕೋಣೆ ತೊಳೆಯುವುದು, ಪಾತ್ರೆ ತೊಳೆಯುವುದು. ಗಂಡಿನಂತೆ ಕಾಣುವ ಹೆಣ್ಣಿಗೆ ಕಾಯಂ ಕೆಲಸ ಯಾರು ಕೊಡುತ್ತಾರೆ? ಇಪ್ಪತ್ತರ ಹರೆಯದಲ್ಲಿ, ಪ್ಯಾಲೆಸ್ತೀನ್ ಪರವಾದ ಒಂದು ಪ್ರದರ್ಶನದಲ್ಲಿ ವರ್ಕರ್ಸ್ ವರ್ಲ್ಡ್ ಪಾರ್ಟಿ ಎಂಬ ಕಮ್ಯುನಿಸ್ಟ್ ಪಕ್ಷದ ಪರಿಚಯವಾಯಿತು. ಆ ಪಕ್ಷವನ್ನು ಕೊನೆಯವರೆಗೂ ಬಿಡಲಿಲ್ಲ. ಅದರ ಪತ್ರಿಕೆಗೆ ವರ್ಷಗಟ್ಟಲೆ ಬರೆದರು, ಸಂಪಾದಕರಾಗಿಯೂ ದುಡಿದರು.

1993ರಲ್ಲಿ ಬಂದ ಕಾದಂಬರಿ ‘ಸ್ಟೋನ್ ಬುಚ್ ಬ್ಲೂಸ್’. ಗಂಡಿನ ಉಡುಪು, ನಡಿಗೆ ಇರುವ ಲೆಸ್ಬಿಯನ್ನರನ್ನು ಬುಚ್ ಎನ್ನುತ್ತಾರೆ. ಪ್ರೀತಿಸುವವರೂ ತನ್ನನ್ನು ಮುಟ್ಟಲು ಬಿಡದಷ್ಟು ಕಲ್ಲಾದವರು ಸ್ಟೋನ್ ಬುಚ್. ಕಥಾನಾಯಕ ಜೆಸ್ ಗೋಲ್ಡ್‌ಬರ್ಗ್ (ನೋಡಿ, ನಾಯಕ, ನಾಯಕಿ ಅಂತ ಮತ್ತೆ ಸಿಕ್ಕಿಬಿದ್ದೆ) ಹೀಗೆ ಯಾಕೆ ಕಲ್ಲಾದರು ಎಂಬುದನ್ನು ಪುಸ್ತಕ ಬಿಡಿಸಿ ಹೇಳುತ್ತದೆ. ಬಾರುಗಳ ಮೇಲೆ ಪೊಲೀಸರ ದಾಳಿ, ಠಾಣೆಯಲ್ಲಿ ಅತ್ಯಾಚಾರ. ಓದುವಾಗ ಪುಸ್ತಕ ಕೆಳಗಿಡಬೇಕೆನಿಸುತ್ತದೆ.

ಮೈಮೇಲೆ ಕನಿಷ್ಠ ಮೂರು ಹೆಣ್ಣಿನ ಬಟ್ಟೆ ಇರಬೇಕು, ಇಲ್ಲವಾದರೆ ಬಂಧನ ಎಂಬ ನಿಯಮ ಕಾದಂಬರಿಯಲ್ಲಿ ಬರುತ್ತದೆ. ಅಂಥ ಲಿಖಿತ ಕಾನೂನು ಇತಿಹಾಸಕಾರರಿಗೆ ಸಿಕ್ಕಿಲ್ಲ. ನ್ಯೂಯಾರ್ಕ್‌ನಲ್ಲಿ ಇದ್ದದ್ದು ವೇಷ ಮರೆಸುವುದರ ವಿರುದ್ಧದ 1845ರ ಕಾನೂನು. ಅದನ್ನು ಮಾಡಿದ್ದು ಗೇಣಿಯ ವಿರುದ್ಧ ಎದ್ದ ರೈತರನ್ನು ಹಿಡಿಯಲು. ಅವರು ಮುಖವಾಡ, ಚೀಟಿ ಬಟ್ಟೆಯ ನಿಲುವಂಗಿ ತೊಟ್ಟು ದಂಗೆ ಎದ್ದಿದ್ದರು. ರೈತರಿಗೆ ಬೀಸಿದ ಬಲೆ ನೂರು ವರ್ಷದ ಮೇಲೆ ಬೇರೆಯವರ ಮೇಲೆ ಬಿತ್ತು.

ಇನ್ನು ಕಾದಂಬರಿಯ ಅರ್ಧಭಾಗ ಕಾರ್ಖಾನೆಯಲ್ಲೇ ನಡೆಯುತ್ತದೆ. ಯೂನಿಯನ್, ಮುಷ್ಕರ, ಯಂತ್ರಕ್ಕೆ ಸಿಕ್ಕ ಕೈ. ವಿಮರ್ಶೆಗಳಲ್ಲಿ ಇದಕ್ಕೆ ಜಾಗ ಕಡಿಮೆ. ಆದರೆ ಕೊನೆಗೆ ಜೆಸ್‌ಗೆ ಸಭೆಯ ಮುಂದೆ ಮಾತಾಡುವ ಬಾಯಿ ಬರುವುದು ಆ ಅನುಭವದಿಂದಲೇ. ಅಂದಹಾಗೆ, ಇದು ಆತ್ಮಕಥೆಯಲ್ಲ. ಜೆಸ್‌ಗೆ ಆದದ್ದನ್ನೆಲ್ಲ ಫೈನ್‌ಬರ್ಗ್‌ಗೆ ಆಯಿತೆಂದು ಬರೆಯಬೇಡಿ.

1996ರ ‘ಟ್ರಾನ್ಸ್‌ಜೆಂಡರ್ ವಾರಿಯರ್ಸ್’ ಇತಿಹಾಸದ ಪುಸ್ತಕ. ಗಂಡಿನ ಬಟ್ಟೆಯಲ್ಲಿ ಫ್ರಾನ್ಸಿನ ಸೇನೆ ಮುನ್ನಡೆಸಿದ ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ಸುಟ್ಟಾಗ, ಅವಳು ಮತ್ತೆ ಗಂಡಿನ ಬಟ್ಟೆ ತೊಟ್ಟದ್ದೇ ದೊಡ್ಡ ಆರೋಪವಾಗಿತ್ತು. ವೇಲ್ಸ್‌ನಲ್ಲಿ 1839ರಿಂದ ಹೆಣ್ಣಿನ ಬಟ್ಟೆ ತೊಟ್ಟ ರೈತರು ‘ರೆಬೆಕ್ಕಾ’ ಎಂಬ ಹೆಸರಲ್ಲಿ ಸುಂಕದ ಗೇಟುಗಳನ್ನು ಮುರಿದರು. ಇಂಥವರನ್ನೆಲ್ಲ ಹುಡುಕಿ ತಂದಿದ್ದಾರೆ. ಆಸ್ತಿ, ಆಳುವ ವರ್ಗ ಬಂದ ಮೇಲೆ ಲಿಂಗದ ಗೆರೆಗಳೂ ಬಿಗಿಯಾದವು ಎಂಬುದು ಅವರ ವಾದ. ನನಗೆ ಇಲ್ಲಿ ಸ್ವಲ್ಪ ಅನುಮಾನ. ದಂಗೆಗೆಂದು ಸೀರೆ ಸುತ್ತಿಕೊಂಡವನೂ ಬದುಕಿಡೀ ಹಾಗೇ ಇದ್ದವನೂ ಒಂದೇ ಸಾಲಿಗೆ ಬರುತ್ತಾರಾ? ಆದರೂ ಪ್ರಶ್ನೆ ಎತ್ತಿದ್ದಕ್ಕೆ ಪುಸ್ತಕ ಓದಬೇಕು.

ಬಾಳಸಂಗಾತಿ ಕವಿ ಮಿನ್ನೀ ಬ್ರೂಸ್ ಪ್ರ್ಯಾಟ್. ಫೈನ್‌ಬರ್ಗ್‌ಗೆ ದಶಕಗಳ ಕಾಲ ಕಾಡಿದ್ದು ಲೈಮ್ ಕಾಯಿಲೆ, ಉಣ್ಣಿಯಿಂದ ಹರಡುವಂಥದ್ದು. ತಮ್ಮಂಥವರನ್ನು ಕಂಡರೆ ವೈದ್ಯರು ಹೇಗೆ ಮುಖ ತಿರುಗಿಸುತ್ತಾರೆ ಎಂದು ಅವರು ಸಾಕಷ್ಟು ಬರೆದಿದ್ದಾರೆ. ಅಂಥ ಆರೋಗ್ಯದಲ್ಲೂ 2012ರಲ್ಲಿ ಮಿನಿಯಾಪೊಲಿಸ್‌ಗೆ ಹೋದರು. ತನ್ನ ಮೇಲಾದ ಹಲ್ಲೆಯಲ್ಲಿ ಜೀವ ಉಳಿಸಿಕೊಂಡ ಕಪ್ಪು ಟ್ರಾನ್ಸ್ ಮಹಿಳೆ ಸೀಸಿ ಮೆಕ್‌ಡೊನಾಲ್ಡ್‌ಗೆ, ಆ ಜಗಳದಲ್ಲಿ ಒಬ್ಬನನ್ನು ಇರಿದು ಆತ ಸತ್ತದ್ದಕ್ಕೆ, ಅಲ್ಲಿ ಶಿಕ್ಷೆಯಾಗಿತ್ತು. ಅದನ್ನು ವಿರೋಧಿಸಿ ಫೈನ್‌ಬರ್ಗ್ ಬಂಧನಕ್ಕೊಳಗಾದರು. ಕಾದಂಬರಿಯ ಇಪ್ಪತ್ತನೇ ವರ್ಷದ ಆವೃತ್ತಿಯನ್ನು ಸೀಸಿಗೇ ಅರ್ಪಿಸಿದರು. 2014ರ ನವೆಂಬರ್ 15ರಂದು ಸಿರಕ್ಯೂಸ್‌ನ ಮನೆಯಲ್ಲಿ ತೀರಿಕೊಂಡರು.

ಆ ಆವೃತ್ತಿ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಓದುವುದಾದರೆ ಮೊದಲ ಅಧ್ಯಾಯದ ಕಾಗದದಿಂದಲೇ ಶುರುಮಾಡಿ. ಜೆಸ್ ಹಳೆಯ ಪ್ರೇಯಸಿ ತೆರೆಸಾಗೆ ಬರೆದದ್ದು, ಅಂಚೆಗೆ ಹಾಕಲಾಗದ್ದು. ಅಭ್ಯಾಸಕ್ಕೆ ನಾನು ಎರಡು ಪ್ಯಾರಾ ಕನ್ನಡಕ್ಕೆ ತಂದು ನೋಡಿದೆ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನುವಾಗಲೇ ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ‘ಬರೆದೆ’, ‘ಕಾದೆ’, ‘ಅತ್ತೆ’ ಎಂದರೆ ಯಾರೂ ಏನೂ ಕೇಳುವುದಿಲ್ಲ. ಬೇರೆಯವರು ಜೆಸ್ ಬಗ್ಗೆ ಬಾಯಿಬಿಟ್ಟ ಕ್ಷಣ ಮಾತ್ರ ಪೆನ್ನು ನಿಂತುಹೋಯಿತು.