ಯುವಜನರ ಕೈಗೆ ಸಭೆ ಕೊಟ್ಟ ಕೆಲಸ

ಯುವಜನ ಸೇವೆಯಿಂದ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಏನು ಬದಲಾಯಿತು ಎಂದು ಕೇಳಿದರೆ ನಮ್ಮಲ್ಲಿ ಬಹುತೇಕರು ಗಿಟಾರ್, ಕೀಬೋರ್ಡ್, ಹೊಸ ಹಾಡುಗಳ ಹೆಸರೆತ್ತುತ್ತೇವೆ. ನನ್ನ ಮೊದಲ ಟಿಪ್ಪಣಿಯೂ ಹಾಗೆಯೇ ಇತ್ತು. ಓದುತ್ತ ಹೋದಂತೆ ಹಾಡಿಗಿಂತ ಹೊಣೆಗಾರಿಕೆಯ ಕಥೆಯೇ ದೊಡ್ಡದು ಎಂದು ಮನವರಿಕೆಯಾಯಿತು.

1881ರ ಫೆಬ್ರುವರಿ 2ರಂದು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಸಭಾಪಾಲಕ ಫ್ರಾನ್ಸಿಸ್ ಕ್ಲಾರ್ಕ್ ತಮ್ಮ ಸಭೆಯ ಯೌವನಸ್ಥರನ್ನು ಮನೆಗೆ ಕರೆದರು. ಹೊಸದಾಗಿ ವಿಶ್ವಾಸಕ್ಕೆ ಬಂದವರನ್ನು ಉಳಿಸಿಕೊಳ್ಳುವುದು ಹೇಗೆಂಬುದೇ ಅವರ ಚಿಂತೆ. ಅವರು ಓದಿ ಹೇಳಿದ ಪ್ರತಿಜ್ಞೆ ಸುಲಭದ್ದಾಗಿರಲಿಲ್ಲ. ವಾರದ ಪ್ರಾರ್ಥನಾ ಕೂಟಕ್ಕೆ ತಪ್ಪದೆ ಬರಬೇಕು. ಬಂದವರು ಸುಮ್ಮನೆ ಕೂರುವಂತಿಲ್ಲ, ಒಂದು ವಚನವನ್ನೋ ಚಿಕ್ಕ ಪ್ರಾರ್ಥನೆಯನ್ನೋ ಬಾಯಿಬಿಟ್ಟು ಹೇಳಬೇಕು. ಓದಿ ಮುಗಿಸಿದಾಗ ಕೋಣೆಯಲ್ಲಿ ಮೌನ ಕವಿಯಿತಂತೆ. ಆಮೇಲೆ ಒಬ್ಬೊಬ್ಬರಾಗಿ ಸಹಿ ಹಾಕಿದರು. ಕ್ರಿಶ್ಚಿಯನ್ ಎಂಡೆವರ್ ಸಂಘ ಹುಟ್ಟಿದ್ದು ಹೀಗೆ.

ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಸಂಘದ ಸಮಿತಿಗಳ ಮೇಲೆ. ಸದಸ್ಯರ ಯೋಗಕ್ಷೇಮ ನೋಡಲು, ಬಾರದವರನ್ನು ವಿಚಾರಿಸಲು ಒಂದು ಸಮಿತಿ. ಹೂವಿಗೂ ಒಂದು ಸಮಿತಿ: ಭಾನುವಾರ ವೇದಿಕೆಗೆ ಹೂ ಇಟ್ಟು, ಆರಾಧನೆ ಮುಗಿದ ಮೇಲೆ ಅದನ್ನು ಕಾಯಿಲೆಯವರ ಮನೆಗೆ ಮುಟ್ಟಿಸುವುದು. ಹದಿನಾರರ ಹುಡುಗನೊಬ್ಬ ಹೂ ಹಿಡಿದು ಹಾಸಿಗೆ ಹಿಡಿದವರ ಬಾಗಿಲು ತಟ್ಟಿದರೆ ಅವನಿಗೆ ಸಭೆಯೆಂದರೆ ಯಾರೆಂದು ಬೋಧನೆಯಿಲ್ಲದೆ ತಿಳಿಯುತ್ತದೆ. ಇನ್ನೊಂದು ಅಂಶವನ್ನು ಅಡಿಗೆರೆ ಹಾಕಿಕೊಳ್ಳಿ: ಪ್ರತಿಜ್ಞೆ ಎಲ್ಲರಿಗೂ ಒಂದೇ ಆದ್ದರಿಂದ ಗಂಡಸರಿದ್ದ ಕೂಟದಲ್ಲಿ ಹೆಣ್ಣುಮಕ್ಕಳೂ ದನಿಯೆತ್ತಿ ಪ್ರಾರ್ಥಿಸಿದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಬೇರೆ ಕ್ರೈಸ್ತ ಪಂಗಡಗಳಾದ ಮೆಥಡಿಸ್ಟರು 1889ರಲ್ಲಿ, ಬ್ಯಾಪ್ಟಿಸ್ಟರು 1891ರಲ್ಲಿ ತಮ್ಮದೇ ಯುವಜನ ಸಂಘಗಳನ್ನು ಕಟ್ಟಿಕೊಂಡರು.

ನಮ್ಮ ಕಡೆಗೆ ಬರೋಣ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯ ನೌಕರರ ನಡುವೆ ಹುಟ್ಟಿದ ಕ್ರೈಸ್ತ ಯುವಕರ ಸಂಘ ವೈಎಂಸಿಎಯಲ್ಲಿ, 1895ರಿಂದ ದಕ್ಷಿಣ ಭಾರತದಲ್ಲಿ ಕಾರ್ಯದರ್ಶಿಯಾಗಿ ದುಡಿದವರು ವಿ.ಎಸ್. ಅಜರಯ್ಯ. ಆಗ ಅವರಿಗೆ ಇಪ್ಪತ್ತೊಂದರ ಪ್ರಾಯ. ಬೇರೆ ಬೇರೆ ಪಂಗಡಗಳ ಯುವಕರೊಡನೆ ಪ್ರಾರ್ಥಿಸಿ ಬೆಳೆದವರಿಗೆ ಪಂಗಡದ ಗೋಡೆ ಅಸಹಜವಾಗಿ ಕಾಣದೆ ಇರುತ್ತದೆಯೇ? 1912ರಲ್ಲಿ ಅವರು ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. 1919ರಲ್ಲಿ ಈಗಿನ ತಮಿಳುನಾಡಿನ ತರಂಗಂಬಾಡಿಯಲ್ಲಿ ಸಭೆಗಳ ಐಕ್ಯಕ್ಕಾಗಿ ನಡೆದ ಸಮಾಲೋಚನೆಯ ಮುಂದಾಳುಗಳಲ್ಲಿ ಒಬ್ಬರಾದರು. 1947ರ ಸೆಪ್ಟೆಂಬರ್ 27ರಂದು ಹಲವು ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಾಗ ಅವರು ತೀರಿಕೊಂಡು ಎರಡು ವರ್ಷ ದಾಟಿತ್ತು. ಕರ್ನಾಟಕದ ಸಿಎಸ್‌ಐ ಸಭೆಗಳು ಆ ಐಕ್ಯದ ಫಲ. ಅದರ ಹಿಂದೆ ಯುವಜನ ಸೇವೆಯ ಬೆವರೂ ಇದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1940ರ ದಶಕದ ಅಮೆರಿಕದಲ್ಲಿ ಶನಿವಾರ ರಾತ್ರಿಯ ದೊಡ್ಡ ಯುವಜನ ಸಮಾವೇಶಗಳು ಬಂದವು. ಸಾವಿರಾರು ಮಂದಿ ಸುವಾರ್ತೆ ಕೇಳಿದರು, ನಿಜ. ಆದರೆ ಅಲ್ಲಿ ಬಂದವರು ಕೇಳುಗರು. ಯೌವನಸ್ಥರ ಕೂಟವೇ ಪ್ರತ್ಯೇಕ ಸಭೆಯಂತಾದರೆ, ಪ್ರಾಯ ದಾಟಿದ ಮೇಲೆ ಅವರು ಹಿರಿಯರ ನಡುವೆ ಅಪರಿಚಿತರಾಗಿ ಕೂರಬೇಕಾಗುತ್ತದೆ. ಈ ಕೊರತೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕಾಗಿ ನೊಂದಿದ್ದೇನೆ.

ಈಗ ನಮ್ಮ ಸಭೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಆರಾಧನೆಗೆ ಬಾರದ ಅಜ್ಜ ಅಜ್ಜಿಯರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸೋಮವಾರ ಸಂಜೆ ಅವರಿಗೆ ಫೋನ್ ಮಾಡುತ್ತಾಳೆ. ಅವಳ ಕರೆ ತಡವಾದರೆ ಅತ್ತಲಿಂದ ಅವರೇ ಮಾಡುತ್ತಾರೆ.